ಆಟ ಕಟ್ಟಿದವರ ಹೆಸರು

2019ರ ಮೇ ತಿಂಗಳಲ್ಲಿ ಬೆಂಗಳೂರಿನ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಕಂಪನಿ ಕೈ ಬದಲಾಯಿತು. ಕೊಂಡವರು ರಾಕ್‌ಸ್ಟಾರ್ ಗೇಮ್ಸ್. ಬೆಲೆ 79 ಲಕ್ಷ ಡಾಲರ್, ಅಂದಿನ ದರದಲ್ಲಿ 55 ಕೋಟಿ ರೂಪಾಯಿಯ ಆಸುಪಾಸು. ವಾಣಿಜ್ಯ ಪುಟದ ಓದುಗರು ಓದಿ ಮರೆತಿರಬಹುದಾದ ಸುದ್ದಿ ಅದು. ಆದರೆ ಭಾರತದಲ್ಲಿ ವಿಡಿಯೊ ಗೇಮ್ ಕಟ್ಟಲೆಂದೇ ಹುಟ್ಟಿದ ಮೊದಲ ಕಂಪನಿ ಎಂದು ಹೆಸರಾಗಿದ್ದ ಸಂಸ್ಥೆಯೊಂದರ 22 ವರ್ಷಗಳ ಸ್ವಂತ ಹೆಸರಿನ ಬದುಕು ಆ ವ್ಯವಹಾರದೊಂದಿಗೆ ಮುಗಿಯಿತು. ಅಲ್ಲಿ ದುಡಿಯುತ್ತಿದ್ದವರು ಬೆಂಗಳೂರಿನಲ್ಲೇ ಇದ್ದ ರಾಕ್‌ಸ್ಟಾರ್ ಇಂಡಿಯಾ ಸ್ಟುಡಿಯೊಗೆ ಸೇರಿಕೊಂಡರು. ‘ಧ್ರುವ’ ಎಂಬ ಬೋರ್ಡು ಇಳಿಯಿತು.

ರಾಕ್‌ಸ್ಟಾರ್ ಕಂಪನಿಯ ಆಟಗಳು ನಮ್ಮ ಕಡೆಯವರಿಗೆ ಹೊಸವಲ್ಲ. 2000ದ ದಶಕದಲ್ಲಿ ಬಾಗಲಕೋಟೆಯ ನವನಗರದಲ್ಲೋ ವಿದ್ಯಾಗಿರಿಯಲ್ಲೋ ಸೈಬರ್ ಕೆಫೆ ಹೊಕ್ಕವರಿಗೆ ಆ ನೋಟ ನೆನಪಿರುತ್ತದೆ. ಅರ್ಜಿ ತುಂಬುವವರು, ರಿಸಲ್ಟ್ ನೋಡುವವರು ಒಂದು ಕಡೆ. ‘ವೈಸ್ ಸಿಟಿ’ ಆಡುವ ಹುಡುಗರು ಇನ್ನೊಂದು ಕಡೆ.

‘ಅಣ್ಣಾರ, ಇನ್ನ ಹತ್ ನಿಮಿಷ ಕೊಡ್ರಿ, ಮಿಷನ್ ಮುಗಿಯಾಕ ಬಂದೈತಿ.’

‘ಮೊದ್ಲ ನಿನ್ನೀದು ರೊಕ್ಕಾ ಕೊಡು ತಮ್ಮಾ, ಆಮ್ಯಾಲೆ ಮಿಷನ್.’

ಅದಕ್ಕೂ ಹಿಂದೆ, 1990ರ ದಶಕದಲ್ಲಿ, ಟಿವಿಗೆ ವೈರು ಸಿಗಿಸಿ ಆಡುವ ಆಟದ ಡಬ್ಬಿಗಳು ಬಂದಿದ್ದವು. ಜಪಾನಿನ ನಿಂಟೆಂಡೊ ಯಂತ್ರದ ಅಗ್ಗದ ನಕಲುಗಳವು. ಹಳದಿ ಬಣ್ಣದ ಕ್ಯಾಸೆಟ್ ಒಂದನ್ನು ಮೇಲಿನಿಂದ ಒತ್ತಿ ಕೂಡಿಸಿದರೆ ಮಾರಿಯೊ, ಕಾಂಟ್ರಾ, ಡಬಲ್ ಡ್ರ್ಯಾಗನ್. ಇವನ್ನು ಕಟ್ಟಿದವರು ಯಾರೆಂದು ಆಗ ಯಾರೂ ಕೇಳಲಿಲ್ಲ, ಕೇಳುವ ವಯಸ್ಸೂ ಅದಲ್ಲ. ಡಬಲ್ ಡ್ರ್ಯಾಗನ್ ಕಟ್ಟಿದ್ದು ಟೋಕಿಯೊದ ಟೆಕ್ನೋಸ್ ಜಪಾನ್. ಡೇಟಾ ಈಸ್ಟ್ ಎಂಬ ಕಂಪನಿ ಬಿಟ್ಟು ಬಂದ ಕೆಲವರು 1981ರಲ್ಲಿ ಶುರು ಮಾಡಿದ ಸಣ್ಣ ಸಂಸ್ಥೆ. ಅಲ್ಲಿನ ಯೋಶಿಹಿಸಾ ಕಿಶಿಮೊಟೊ ಹೈಸ್ಕೂಲಿನಲ್ಲಿ ತಾವು ಆಡಿದ ಹೊಡೆದಾಟಗಳನ್ನೇ ನೆನೆದು 1986ರಲ್ಲಿ ಕುನಿಯೊ ಎಂಬ ಪುಂಡ ಹುಡುಗನ ಆಟ ಮಾಡಿದರು. ಮರುವರ್ಷ ಡಬಲ್ ಡ್ರ್ಯಾಗನ್ ಬಂತು. 1996ರಲ್ಲಿ ಟೆಕ್ನೋಸ್ ಮುಚ್ಚಿಹೋಯಿತು. ಆದರೂ ಅದರ ಕಥೆ ಕಳೆದುಹೋಗಲಿಲ್ಲ. ಕಿಶಿಮೊಟೊ ಅವರ ಸಂದರ್ಶನಗಳು ಬಂದವು, ಫ್ರಾನ್ಸಿನಲ್ಲಿ ಅವರ ಜೀವನ ಚರಿತ್ರೆಯೇ ಪುಸ್ತಕವಾಯಿತು, 2015ರಲ್ಲಿ ಆಟಗಳ ಹಕ್ಕನ್ನು ಇನ್ನೊಂದು ಜಪಾನಿ ಕಂಪನಿ ಕೊಂಡು ಹಳೆಯ ಹೆಸರಿನಲ್ಲೇ ಮುಂದುವರಿಸಿತು. ಹದಿನೈದು ವರ್ಷ ಬಾಳಿದ ಸಣ್ಣ ಕಂಪನಿಗೆ ಇಷ್ಟು ನೆನಪು ಸಾಧ್ಯವಾದರೆ, ನಮ್ಮದೇ ರಾಜಧಾನಿಯಲ್ಲಿ ಅದಕ್ಕಿಂತ ಹೆಚ್ಚು ಕಾಲ ಬಾಳಿದ ಧ್ರುವದ ಕಥೆ ನಮ್ಮ ಎಷ್ಟು ಜನಕ್ಕೆ ಗೊತ್ತು?

ರಾಜೇಶ್ ರಾವ್ ಧ್ರುವವನ್ನು ಆರಂಭಿಸಿದ್ದು 1997ರಲ್ಲಿ. ದೇಶದಲ್ಲಿ ಇಂಟರ್‌ನೆಟ್ ಸಾರ್ವಜನಿಕರಿಗೆ ಸಿಕ್ಕು ಎರಡೇ ವರ್ಷವಾಗಿತ್ತು. ಫೋನಿನ ತಂತಿಯಲ್ಲಿ ಕೀಚುಗುಟ್ಟುತ್ತ ಬರುವ ಇಂಟರ್‌ನೆಟ್ ಅದು. ಬೆಂಗಳೂರು ಸಾಫ್ಟ್‌ವೇರ್ ಪಟ್ಟಣವೆಂದು ಹೆಸರು ಮಾಡತೊಡಗಿತ್ತಾದರೂ ಆ ಸಾಫ್ಟ್‌ವೇರ್ ಎಂದರೆ ಬ್ಯಾಂಕಿನ ಲೆಕ್ಕ, ವಿಮಾನದ ಟಿಕೆಟ್, 2000ನೇ ಇಸವಿಗೆ ತಾರೀಖು ತಪ್ಪದಂತೆ ಹಳೇ ಪ್ರೋಗ್ರಾಮು ತಿದ್ದುವುದು. ಆಟ ಕಟ್ಟುವುದನ್ನು ಕಲಿಸುವ ಕಾಲೇಜಿರಲಿಲ್ಲ. ಮಗ ವಿಡಿಯೊ ಗೇಮ್ ಕಂಪನಿಯಲ್ಲಿ ನೌಕರಿಗೆ ಸೇರಿದ್ದಾನೆ ಎಂದು ಬೀಗರ ಮುಂದೆ ಹೇಳಿಕೊಳ್ಳುವ ಕಾಲವೂ ಅದಾಗಿರಲಿಲ್ಲ. ಅಂಥ ಹೊತ್ತಿನಲ್ಲಿ ಬರೀ ಆಟಕ್ಕೆಂದೇ ಕಂಪನಿ ತೆರೆಯುವುದಕ್ಕೆ ಎದೆಗಾರಿಕೆ ಬೇಕಿತ್ತು.

ಮೊದಲ ದೊಡ್ಡ ಅವಕಾಶ ಬಂದದ್ದು ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಯಿಂದ. ‘ಮಿಷನ್ ಇಂಪಾಸಿಬಲ್’ ಸಿನಿಮಾದ ಹೆಸರಿನ ಆಟ ನಿಂಟೆಂಡೊ ಯಂತ್ರದಲ್ಲಿ ಬಂದಿತ್ತು; ಅದನ್ನು ಕಂಪ್ಯೂಟರಿನಲ್ಲಿ ಆಡುವಂತೆ ಮಾಡಿಕೊಡುವ ಕೆಲಸ. ಆ ಕಂಪ್ಯೂಟರ್ ಆಟ ಕೊನೆಗೂ ಅಂಗಡಿಗೆ ಬರಲಿಲ್ಲ. ಅದರ ಮೇಲೆ ದುಡಿದದ್ದು ತಂಡದ ಕೈಯಲ್ಲಿ ವಿದ್ಯೆಯಾಗಿ ಉಳಿಯಿತು, ಜನರ ಕಣ್ಣಿಗೆ ಬೀಳಲಿಲ್ಲ. ಧ್ರುವದ ಮುಂದಿನ ಬಾಳುವೆಯ ರೀತಿಯೂ ಹೆಚ್ಚುಕಡಿಮೆ ಇದೇ ಆಯಿತು.

ಅಮೆರಿಕದ ಪತ್ರಕರ್ತ ಥಾಮಸ್ ಫ್ರೀಡ್‌ಮನ್ 2004ರಲ್ಲಿ ಬೆಂಗಳೂರಿಗೆ ಬಂದು ಹೋಗಿ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಬರೆದರು. ಆ ಪುಸ್ತಕದಿಂದ ಇನ್ಫೊಸಿಸ್ ಕಂಪನಿಯ ನಂದನ್ ನಿಲೇಕಣಿಯವರ ‘ಆಟದ ಮೈದಾನ ಸಮತಟ್ಟಾಗುತ್ತಿದೆ’ ಎಂಬ ಮಾತು ಜಗತ್ತಿನ ಬಾಯಿಗೆ ಬಂತು. ಅದೇ ಪುಸ್ತಕದಲ್ಲಿ ರಾಜೇಶ್ ರಾವ್ ಮತ್ತು ಧ್ರುವದ ಕಥೆಯೂ ಇದೆ. ಮೊಬೈಲ್ ಆಟಗಳಲ್ಲಿ ಚಾರ್ಲಿ ಚಾಪ್ಲಿನ್ ರೂಪ ಬಳಸುವ ಹಕ್ಕನ್ನು ಬೆಂಗಳೂರಿನ ಈ ಸಣ್ಣ ಕಂಪನಿ ಖರೀದಿಸಿದೆ ಎಂಬುದು ಫ್ರೀಡ್‌ಮನ್ ಅವರಿಗೆ ದೊಡ್ಡ ಸೋಜಿಗವಾಗಿ ಕಂಡಿತ್ತು. ಕೂಲಿಗೆ ಕೆಲಸ ಮಾಡಿಕೊಡುವ ಕಂಪನಿ ತಾನೇ ಮಾಲೀಕನಾಗಲು ಮಾಡಿದ ಪ್ರಯತ್ನವದು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ಆದರೆ ಧ್ರುವ ನಿಂತದ್ದು, ಬೆಳೆದದ್ದು ಹೊರಗಿನವರ ಆಟಗಳಿಗೆ ಚಿತ್ರಕಲೆ ಒದಗಿಸುವ ಕೆಲಸದ ಮೇಲೆ. ಮೈಕ್ರೊಸಾಫ್ಟಿನ ಫೋರ್ಝಾ ಕಾರ್ ರೇಸ್ ಸರಣಿ, ಕ್ವಾಂಟಮ್ ಬ್ರೇಕ್, ಕಡಲ್ಗಳ್ಳರ ಆಟವಾದ ಸೀ ಆಫ್ ಥೀವ್ಸ್, ಸೋನಿಯ ಡೇಸ್ ಗಾನ್: ಇವುಗಳಲ್ಲೆಲ್ಲ ಬೆಂಗಳೂರಿನ ಕೈಕೆಲಸ ಸೇರಿದೆ.

ಆ ಕೆಲಸ ಎಂಥದ್ದು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ರೇಸ್ ಆಟಕ್ಕೆ ಒಂದು ಕಾರು ಬೇಕು ಎಂದುಕೊಳ್ಳಿ. ಅದರ ನೂರಾರು ಫೋಟೊ, ಅಳತೆ, ಕೆಲವೊಮ್ಮೆ ತಯಾರಕರ ನಕ್ಷೆಯೇ ಕಲಾವಿದರ ಕೈಗೆ ಬರುತ್ತದೆ. ಅವರು ಪರದೆಯ ಮೇಲೆ ಸಣ್ಣ ಸಣ್ಣ ಚೌಕ, ತ್ರಿಕೋನಗಳ ಜಾಲವನ್ನು ಎಳೆದು, ಬಗ್ಗಿಸಿ ಕಾರಿನ ಮೈ ಕಟ್ಟುತ್ತಾರೆ. ಬಾಗಿಲ ಸಂದು, ಹೆಡ್‌ಲೈಟಿನ ಗಾಜಿನೊಳಗಿನ ಗೆರೆ, ಸ್ಟೀರಿಂಗ್ ಮೇಲಿನ ಚರ್ಮದ ಹೊಲಿಗೆ, ಚಕ್ರದ ಹಿಂದಿನ ಬ್ರೇಕ್ ತಟ್ಟೆ ಯಾವುದನ್ನೂ ಬಿಡುವಂತಿಲ್ಲ. ಮೈ ನುಣುಪಾಗಿದೆಯೇ ಎಂದು ನೋಡಲು ಅದರ ಮೇಲೆ ಕಪ್ಪು-ಬಿಳಿ ಪಟ್ಟೆಗಳ ಪ್ರತಿಬಿಂಬ ಬೀಳಿಸುತ್ತಾರೆ. ಪಟ್ಟೆ ಎಲ್ಲಿ ಮುರಿಯುತ್ತದೋ ಅಲ್ಲಿ ತಗಡು ಉಬ್ಬಿದೆ ಅಥವಾ ತಗ್ಗಿದೆ ಎಂದರ್ಥ, ಮತ್ತೆ ತಿದ್ದಬೇಕು.

ಇಷ್ಟು ಮಾಡಿದರೆ ಅರ್ಧ ಕೆಲಸ. ಆಟದ ಯಂತ್ರ ಒಂದು ಕ್ಷಣಕ್ಕೆ ಇಷ್ಟೇ ತ್ರಿಕೋನ ಹೊರಬಲ್ಲದು ಎಂಬ ಮಿತಿಯಿದೆ. ಹಾಗಾಗಿ ಅದೇ ಕಾರನ್ನು ಕಡಿಮೆ ತ್ರಿಕೋನಗಳಲ್ಲಿ ಮತ್ತೆ ಕಟ್ಟಬೇಕು, ಬಿಟ್ಟುಹೋದ ಉಬ್ಬುತಗ್ಗುಗಳನ್ನು ಬಣ್ಣದ ಪದರವೊಂದರಲ್ಲಿ ಅಡಗಿಸಿ ಕಣ್ಣಿಗೆ ಆಳ ಕಾಣುವಂತೆ ಮಾಡಬೇಕು. ಕಾರು ದೂರ ಹೋದಂತೆ ಇನ್ನೂ ಹಗುರ, ಮತ್ತೂ ಹಗುರ ರೂಪಗಳು ಬೇಕು. ಆಡುವವನಿಗೆ ಒಂದು ರೂಪ ಸರಿದು ಇನ್ನೊಂದು ಬಂದದ್ದು ಗೊತ್ತಾಗಬಾರದು. ಅಮೆರಿಕದ ಪಡುವಣ ತೀರದಲ್ಲಿ ಕೂತ ಗಿರಾಕಿಯ ಹಗಲು ನಮ್ಮ ರಾತ್ರಿ. ಬೆಳಿಗ್ಗೆ ಬಂದು ಕಂಪ್ಯೂಟರ್ ತೆರೆದರೆ ಚಿತ್ರದ ಮೇಲೆ ಕೆಂಪು ಗುರುತು ಕಾದಿರುತ್ತದೆ: ಇಲ್ಲಿ ಬೆಳಕು ಒಡೆದಿದೆ, ಈ ಗೆರೆ ಇನ್ನಷ್ಟು ಒಳಗೆ. ಹೀಗೆ ವಾರಗಟ್ಟಲೆ ದುಡಿದ ಕಾರನ್ನು ಆಡುವವನು ಗೋಡೆಗೆ ಗುದ್ದಿ ನುಗ್ಗುನುರಿ ಮಾಡಿ ನಗುತ್ತಾನೆ. ಆ ನಗು ಬರಲೆಂದೇ ಈ ದುಡಿಮೆ.

ಈ ಕೆಲಸದ ಬಗ್ಗೆ ಓದುವಾಗ ನನಗೆ ಇಳಕಲ್ಲಿನ ಮಗ್ಗದ ಮನೆಗಳು ಕಣ್ಣ ಮುಂದೆ ಬರುತ್ತವೆ. ಮಾಲೀಕ ನೂಲು ಕೊಡುತ್ತಾನೆ, ರೇಷ್ಮೆ ಕೊಡುತ್ತಾನೆ, ದಡಿ ಯಾವುದು ಬಣ್ಣ ಯಾವುದು ಹೇಳುತ್ತಾನೆ. ನೇಕಾರ ಕುಣಿಮಗ್ಗದಲ್ಲಿ ಕೂತು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಎಳೆಯಾಗಿ ಕೊಂಡಿ ಹಾಕಿ ಸೇರಿಸಿ, ಟೋಪ ತೆನಿಯ ಸೆರಗು ತೆಗೆದು, ಸೀರೆ ಇಳಿಸಿ ಮಜೂರಿ ಇಸಿದುಕೊಳ್ಳುತ್ತಾನೆ. ಸೀರೆ ಮುಂದೆ ಯಾವ ಊರಿಗೆ ಹೋಯಿತು, ಎಷ್ಟಕ್ಕೆ ಮಾರಿತು ಎಂಬುದು ಅವನ ಲೆಕ್ಕಕ್ಕೆ ಬರುವುದಿಲ್ಲ. ಧ್ರುವದ ವ್ಯವಹಾರದ ಎಲುಬು ಇದೇ ಮಜೂರಿ. ಆಟ ಲಕ್ಷಗಟ್ಟಲೆ ಪ್ರತಿ ಮಾರಿದರೂ ಹೊರಗಿನಿಂದ ಕಲೆ ಒದಗಿಸಿದವರಿಗೆ ಸಿಗುವುದು ಸಾಮಾನ್ಯವಾಗಿ ಮೊದಲೇ ಮಾತಾದ ಹಣ. ಬಂದ ಹಣದಲ್ಲಿ ಸಂಬಳ, ಬಾಡಿಗೆ, ಹೊಸ ಕಂಪ್ಯೂಟರು ಕಳೆದು ಉಳಿದದ್ದರಲ್ಲಿ ಸ್ವಂತ ಆಟ ಕಟ್ಟಬೇಕು. ಒಂದು ಒಳ್ಳೆಯ ಆಟಕ್ಕೆ ಮೂರ್ನಾಲ್ಕು ವರ್ಷ ಹಿಡಿಯುತ್ತದೆ, ಅಷ್ಟೂ ದಿನ ಆದಾಯವಿಲ್ಲ. ಮಜೂರಿ ನೇಕಾರ ಮಾಲೀಕನಾಗಲು ಎಷ್ಟು ಕಷ್ಟವೋ ಅಷ್ಟೇ ಕಷ್ಟ ಅದು. ಧ್ರುವ ಅದನ್ನು ದಾಟಲಿಲ್ಲ ಎಂದು ಹಗುರವಾಗಿ ಮಾತಾಡುವವರನ್ನು ನಾನು ಒಪ್ಪುವುದಿಲ್ಲ. ಎರಡು ದಶಕ ನೂರಾರು ಕಲಾವಿದರ ಮನೆಯ ಒಲೆ ಉರಿಯುವಂತೆ ನೋಡಿಕೊಂಡು, ಜಗತ್ತಿನ ದೊಡ್ಡ ಕಂಪನಿಗಳು ಒಪ್ಪುವ ಗುಣಮಟ್ಟ ಕಾಯ್ದುಕೊಂಡದ್ದು ಸಣ್ಣ ಸಾಧನೆಯಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಆ ಕೈಗಳ ಹೆಸರು ಎಲ್ಲಿ?

ನಮ್ಮ ಜಿಲ್ಲೆಯ ಕಲ್ಲು ಈ ವಿಷಯದಲ್ಲಿ ಧಾರಾಳಿ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದವಳು ಎರಡನೇ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ, ಗಂಡ ಕಂಚಿ ಗೆದ್ದ ನೆನಪಿಗೆ, 8ನೇ ಶತಮಾನದಲ್ಲಿ. ಅಷ್ಟಕ್ಕೇ ನಿಲ್ಲದೆ ಅಲ್ಲಿನ ಶಾಸನ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯನ್ನೂ ಹೆಸರಿಸುತ್ತದೆ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಇದ್ದುದನ್ನೂ ಹೇಳುತ್ತದೆ. ಸರ್ವಸಿದ್ಧಿ ಆಚಾರಿಯ ಹೆಸರು ಇನ್ನೊಂದು ಕಡೆ. ಮೂರ್ತಿ ಕಡೆದವರೂ ತಮ್ಮ ಕೆಲಸದ ಪಕ್ಕ ಹೆಸರು ಕೊರೆದಿದ್ದಾರೆ. ದುಗ್ಗಿ ಆಚಾರಿಯ ಮಗ ಬಲದೇವ ಅವರಲ್ಲೊಬ್ಬ, ಅಪ್ಪನ ಹೆಸರನ್ನೂ ಸೇರಿಸಿಯೇ ಕೊರೆದ. ಬಾದಾಮಿಯಲ್ಲಿ 578ರ ಮಂಗಳೇಶನ ಶಾಸನವಿರುವ ಮೂರನೇ ಗುಹೆಯ ಬಂಡೆಗಳ ಮೇಲೂ ಕುಶಲಕರ್ಮಿಗಳ ಹೆಸರುಗಳಿವೆ. ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುಟಿಯಲ್ಲಿ 634ರಲ್ಲಿ ಕವಿ ರವಿಕೀರ್ತಿ ಪುಲಕೇಶಿಯ ಪ್ರತಾಪ ಹಾಡಿ ಮುಗಿಸುವಾಗ ತನ್ನ ಕೀರ್ತಿ ಕಾಳಿದಾಸ, ಭಾರವಿಯರಿಗೆ ಸಮ ಎಂದು ಕಲ್ಲಿನಲ್ಲೇ ಬರೆಸಿಕೊಂಡ. ಆ ಹೆಮ್ಮೆಯಿಂದ ನಮಗಾದ ಉಪಕಾರ ದೊಡ್ಡದು. ಕಾಳಿದಾಸನ ಕಾಲ ಯಾವುದು ಎಂದು ವಾದಿಸುವ ವಿದ್ವಾಂಸರು ಇವತ್ತಿಗೂ ಈ ಕಲ್ಲಿನ ಆಧಾರ ಹಿಡಿಯುತ್ತಾರೆ.

ವಿಡಿಯೊ ಗೇಮಿನ ಲೋಕ ಹುಟ್ಟಿದಾಗಿನಿಂದ ಇದಕ್ಕೆ ಉಲ್ಟಾ ನಡೆಯಿತು. ಅಮೆರಿಕದ ಅಟಾರಿ ಕಂಪನಿ ತನ್ನ ಕೆಲಸಗಾರರ ಹೆಸರನ್ನು ಆಟದ ಮೇಲೆ ಹಾಕುತ್ತಿರಲಿಲ್ಲ. ವಾರೆನ್ ರಾಬಿನೆಟ್ ಎಂಬ ಪ್ರೋಗ್ರಾಮರ್ ‘ಅಡ್ವೆಂಚರ್’ ಎಂಬ ಆಟದಲ್ಲಿ ಯಾರಿಗೂ ಹೇಳದೆ ಗುಟ್ಟಿನ ಕೋಣೆಯೊಂದನ್ನು ಕಟ್ಟಿ ಅದರೊಳಗೆ ತನ್ನ ಹೆಸರು ಬರೆದಿಟ್ಟು ಕೆಲಸ ಬಿಟ್ಟು ಹೋದ. ಕೊನೆಗೆ ಯೂಟಾದ ಹುಡುಗನೊಬ್ಬ ಅದನ್ನು ಹುಡುಕಿ ಕಂಪನಿಗೆ ಕಾಗದ ಬರೆದಾಗಲೇ ವಿಷಯ ಬಯಲಾದದ್ದು. ಹೆಸರೂ ಇಲ್ಲ, ಪಾಲೂ ಇಲ್ಲ ಎಂದು ಅಟಾರಿ ಬಿಟ್ಟ ಇನ್ನು ಕೆಲವರು 1979ರಲ್ಲಿ ಆ್ಯಕ್ಟಿವಿಷನ್ ಕಟ್ಟಿದರು. ಜಪಾನಿನಲ್ಲಿ 1980ರ ದಶಕದ ಕಂಪನಿಗಳು ಒಳ್ಳೆಯ ಕೆಲಸಗಾರರನ್ನು ಎದುರಾಳಿಗಳು ಎಳೆದುಕೊಂಡಾರು ಎಂಬ ಭಯಕ್ಕೆ ಅಡ್ಡಹೆಸರು ಹಾಕಿಸುತ್ತಿದ್ದವು. 1987ರ ‘ಸ್ಟ್ರೀಟ್ ಫೈಟರ್’ ಕಟ್ಟಿದವರು ‘ಪಿಸ್ಟನ್ ತಕಾಶಿ’, ‘ಫಿನಿಷ್ ಹಿರೋಶಿ’ ಎಂದು ಕಾಣಿಸಿಕೊಂಡರು. ಕ್ಯೋಟೊದಲ್ಲಿ 1979ರಿಂದ ಇರುವ ಟೋಸೆ ಎಂಬ ಕಂಪನಿ ಸಾವಿರಕ್ಕೂ ಹೆಚ್ಚು ಆಟಗಳಲ್ಲಿ ದುಡಿದಿದೆ, ಬಹುಪಾಲು ಆಟಗಳಲ್ಲಿ ಅದರ ಹೆಸರೇ ಇಲ್ಲ. ಹೆಸರು ಹಾಕದೆ ದುಡಿಯುವುದನ್ನೇ ಅವರು ವ್ಯಾಪಾರದ ನೀತಿ ಮಾಡಿಕೊಂಡರು. ಅದು ಅವರ ಆಯ್ಕೆ. ಆದರೆ ಆಯ್ಕೆ ಮಾಡಿಕೊಂಡವರು ಮಾಲೀಕರು. ಆಟದಲ್ಲಿ ಮರವೊಂದನ್ನು, ಸೇತುವೆಯೊಂದನ್ನು ಬರೆದ ಕಲಾವಿದನನ್ನು ಯಾರೂ ಕೇಳಿರಲಾರರು.

ಹೊರಗುತ್ತಿಗೆಯ ಸ್ಟುಡಿಯೊಗಳಿಗೆ ಈ ಏಟು ಹೆಚ್ಚು. ಆಟ ಮುಗಿದ ಮೇಲೆ ಪರದೆಯ ಮೇಲೆ ಓಡುವ ಹೆಸರಿನ ಪಟ್ಟಿಯಲ್ಲಿ ಕೆಲವೊಮ್ಮೆ ಕಂಪನಿಯ ಹೆಸರಷ್ಟೇ ಬರುತ್ತದೆ, ಕೆಲವೊಮ್ಮೆ ಅದೂ ಇಲ್ಲ. ಆಟ ಹೊರಬರುವ ಮೊದಲೇ ನೌಕರಿ ಬಿಟ್ಟವನ ಹೆಸರು ತೆಗೆದುಹಾಕುವ ರೂಢಿಯೂ ಇದೆ. 2018ರಲ್ಲಿ ರಾಕ್‌ಸ್ಟಾರಿನ ‘ರೆಡ್ ಡೆಡ್ ರಿಡೆಂಪ್ಷನ್ 2’ ಬಂದಾಗ ಈ ರೂಢಿಯ ಬಗ್ಗೆ ದೊಡ್ಡ ಚರ್ಚೆಯೇ ಆಗಿ, ಹಿಂದೆ ದುಡಿದು ಹೋದವರಿಗೆ ಕಂಪನಿ ತನ್ನ ಜಾಲತಾಣದಲ್ಲಿ ಬೇರೆಯಾಗಿ ಕೃತಜ್ಞತೆಯ ಪಟ್ಟಿ ಹಾಕಬೇಕಾಯಿತು. ಕಲಾವಿದನಿಗೆ ಇದು ಬರೀ ಮಾನದ ಪ್ರಶ್ನೆಯಲ್ಲ. ಮುಂದಿನ ನೌಕರಿಗೆ ಹೋದಾಗ ತೋರಿಸಲು ಅವನಿಗಿರುವ ಸಾಕ್ಷಿಯೇ ಆ ಪಟ್ಟಿ.

ಧ್ರುವದ ಕೊನೆಯ ವರ್ಷಗಳಿಗೆ ಬರೋಣ. 2016ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕಂಪನಿ ಧ್ರುವದ ಶೇ 90.5ರಷ್ಟು ಪಾಲು ಕೊಳ್ಳುವುದಾಗಿ ಪ್ರಕಟಿಸಿತು. ಬೆಲೆ 85 ಲಕ್ಷ ಡಾಲರ್. ಒಂದಿಷ್ಟು ನಗದು, ಉಳಿದದ್ದು ಸ್ಟಾರ್‌ಬ್ರೀಜ್ ಷೇರು. ‘ಪೇಡೇ 2’ ಎಂಬ ಬ್ಯಾಂಕ್ ದರೋಡೆಯ ಆಟದಿಂದ ಗಳಿಸಿದ್ದ ಆ ಕಂಪನಿ ಆಗ ಎಲ್ಲ ದಿಕ್ಕಿಗೂ ಕೈ ಚಾಚುತ್ತಿತ್ತು. ಆದರೆ 2018ರ ನವೆಂಬರಿನಲ್ಲಿ ಬಂದ ಅದರ ‘ದಿ ವಾಕಿಂಗ್ ಡೆಡ್’ ಆಟ ನೆಲ ಕಚ್ಚಿತು. ಡಿಸೆಂಬರಿನಲ್ಲಿ ಕಂಪನಿ ಸಾಲಗಾರರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಉಳಿಯಬೇಕಾದರೆ ಕೈಯಲ್ಲಿದ್ದದ್ದನ್ನು ಮಾರಬೇಕಿತ್ತು. ಹಾಗೆ ಮಾರಿದವುಗಳಲ್ಲಿ ಧ್ರುವವೂ ಒಂದು. ಬೆಂಗಳೂರಿನಲ್ಲಿ ಕೆಲಸ ಕೆಟ್ಟದ್ದಕ್ಕೆ ಬಂದ ಸ್ಥಿತಿಯಲ್ಲ ಅದು. ಸ್ಟಾಕ್‌ಹೋಮಿನಲ್ಲಿ ಒಂದು ಆಟ ಸೋತದ್ದಕ್ಕೆ ಬಂದದ್ದು. ಕೊಂಡಾಗ ಶೇ 90.5ಕ್ಕೆ 85 ಲಕ್ಷ ಡಾಲರ್ ಇದ್ದ ಬೆಲೆ, ಮಾರುವಾಗ ಶೇ 91.82ಕ್ಕೆ 79 ಲಕ್ಷಕ್ಕೆ ಇಳಿದಿತ್ತು. ಆಗ ಅಲ್ಲಿ 300ಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. ಅವರ ಕೆಲಸ ಉಳಿಯಿತು ಎಂಬುದು ನೆಮ್ಮದಿಯ ಮಾತು.

ಮುಂಬೈಯ ಇಂಡಿಯಾಗೇಮ್ಸ್ ಕೂಡ ಇದೇ ಹಾದಿಯಲ್ಲಿ ಯುಟಿವಿಗೆ, ಅಲ್ಲಿಂದ ಡಿಸ್ನಿಗೆ ಸೇರಿತ್ತು. ಮೊದಲ ತಲೆಮಾರಿನ ನಮ್ಮ ಆಟದ ಕಂಪನಿಗಳು ಹೀಗೆ ದೊಡ್ಡವರ ಹೊಟ್ಟೆ ಸೇರಿದವು. ಅವುಗಳಲ್ಲಿ ಪಳಗಿದವರು ಬೇರೆ ಬೇರೆ ಕಡೆ ಹೋಗಿ ಕೆಲಸ ಮಾಡುತ್ತಿದ್ದಾರೆ. ರಾಜೇಶ್ ರಾವ್ ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಂನ ಗೇಮಿಂಗ್ ವೇದಿಕೆ ಕಟ್ಟುವಲ್ಲಿಯೂ ಮುಂದೆ ನಿಂತಿದ್ದರು. ದೇಶದ ಆಟ ಕಟ್ಟುವ ಮಂದಿ ವರ್ಷಕ್ಕೊಮ್ಮೆ ಒಂದೆಡೆ ಕೂಡುವ ಸಮಾವೇಶ ಬೆಳೆದದ್ದು ಅದರಿಂದಲೇ.

ನಮ್ಮ ಸರ್ಕಾರಕ್ಕೂ ಈ ಉದ್ಯಮದ ಮೇಲೆ ಕಣ್ಣಿದೆ. ಅನಿಮೇಷನ್, ಗೇಮಿಂಗ್‌ಗೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ಕರ್ನಾಟಕ, 2012ರಲ್ಲಿ. 2024ರಲ್ಲಿ ಹೊಸ ನೀತಿ ಬಂತು. ಈ ನೀತಿಗಳ ಫಲ ಬೆಂಗಳೂರಿನ ವರ್ತುಲ ರಸ್ತೆ ದಾಟಿ ಇತ್ತ ಬರಬೇಕು. 1963ರಿಂದ ಎಂಜಿನಿಯರುಗಳನ್ನು ತಯಾರು ಮಾಡುತ್ತಿರುವ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ಬಾಗಲಕೋಟೆಯಲ್ಲಿದೆ. ಗಣಿತ ಗೊತ್ತಿರುವ ಹುಡುಗಿ, ಕಸೂತಿಯ ಎಳೆ ಎಣಿಸಬಲ್ಲ ಕಣ್ಣು, ಚಾಲುಕ್ಯರ ಕಂಬಗಳ ನಡುವೆ ಆಡಿ ಬೆಳೆದ ನೆನಪು ಮೂರೂ ಒಂದೇ ಜಿಲ್ಲೆಯಲ್ಲಿ ಸಿಗುತ್ತವೆ. ಅಮೆರಿಕದ ಕಾರಿನ ಬಾಗಿಲ ಸಂದನ್ನು ತಪ್ಪಿಲ್ಲದೆ ಬರೆಯಬಲ್ಲ ಕನ್ನಡದ ಕೈ ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲನ್ನೂ ಬರೆಯಬಲ್ಲದು. ಅದಕ್ಕೆ ಬಂಡವಾಳ ಬೇಕು, ಮೂರ್ನಾಲ್ಕು ವರ್ಷದ ತಾಳ್ಮೆ ಬೇಕು.

ಸಹಾಯಧನ ಕೊಡುವಾಗ ಸರ್ಕಾರ ಒಂದು ಷರತ್ತನ್ನೂ ಹಾಕಲಿ. ಕರ್ನಾಟಕದ ಹಣ ಪಡೆದ ಸ್ಟುಡಿಯೊ ಯಾವ ದೇಶದ ಆಟಕ್ಕೇ ಕೆಲಸ ಮಾಡಲಿ, ದುಡಿದವರ ಹೆಸರು ಆಟದ ಪಟ್ಟಿಯಲ್ಲಿ ಬರುವಂತೆ ಕರಾರು ಮಾಡಿಕೊಳ್ಳಬೇಕು. ನೌಕರಿ ಬಿಟ್ಟವರ ಹೆಸರೂ ಅದರಲ್ಲಿ ಉಳಿಯಬೇಕು. ಇದಕ್ಕೆ ಸರ್ಕಾರದ ಬೊಕ್ಕಸದಿಂದ ಹೆಚ್ಚಿಗೆ ಖರ್ಚಾಗುವುದಿಲ್ಲ.

ಓದುಗರಲ್ಲಿಯೂ ಒಂದು ಕೋರಿಕೆ. 1997ರಿಂದ 2019ರ ನಡುವೆ ಧ್ರುವದಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲೋ ಬಳಗದಲ್ಲೋ ಇದ್ದರೆ ಅವರನ್ನು ಕೂಡಿಸಿಕೊಂಡು ಕೇಳಿ: ಯಾವ ವರ್ಷ ಸೇರಿದಿರಿ, ಯಾವ ಆಟ, ಅದರಲ್ಲಿ ನೀವು ಬರೆದದ್ದು ಯಾವ ಕಾರು, ಯಾವ ಹಡಗು, ಯಾವ ಗೋಡೆ. ಕಂಪನಿಯ ಗುಟ್ಟು ಹೇಳಬೇಕಿಲ್ಲ, ಆಟಗಳು ಹೊರಬಂದು ವರ್ಷಗಳಾಗಿವೆ. ಅವರು ಹೇಳಿದ್ದನ್ನು ಕನ್ನಡದಲ್ಲಿ ಬರೆದಿಡಿ, ಅವರ ಒಪ್ಪಿಗೆ ಪಡೆದು ಪತ್ರಿಕೆಗೆ ಕಳಿಸಿ, ಊರಿನ ಗ್ರಂಥಾಲಯಕ್ಕೊಂದು ಪ್ರತಿ ಕೊಡಿ. ಆ ಕಂಪನಿ ಕಟ್ಟಿದವರು, ಅದರಲ್ಲಿ ದುಡಿದವರು ಇನ್ನೂ ನಡುವಯಸ್ಸಿನವರು. ಈಗ ಕೇಳಿದರೆ ಹೇಳುತ್ತಾರೆ.